ಗಡ್ಡೆಯೂ ಗರ್ಭಕೋಶವೂ

“ಹೊಟ್ಟೆ ಕೊಯ್ದದ್ದೇ ಆಯಿತು, ಆ ಫೈಬ್ರಾಯ್ಡ್ ಗಡ್ಡೆಯನ್ನೂ ಅಲ್ಲೇ ತೆಗೆದುಬಿಡಬಾರದಿತ್ತೆ?” ಸೊಸೆಗೆ ಸಿಸೇರಿಯನ್ ಆದಾಗ ನನ್ನ ಅಕ್ಕ ಕೇಳಿದ ಪ್ರಶ್ನೆ ಇದು. ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆಯೆಂದು ನನಗೆ ತಿಳಿದದ್ದು ಆಮೇಲೆ.

1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡುವಾರ್ಡೊ ಪೊರ್ರೊ ಎಂಬ ವೈದ್ಯ, ಮಗುವನ್ನು ಹೊರತೆಗೆದೊಡನೆ ಗರ್ಭಕೋಶವನ್ನೇ ಕತ್ತರಿಸಿ ತೆಗೆದು ತಾಯಿಯನ್ನು ಉಳಿಸಿದ. ರಕ್ತಸ್ರಾವಕ್ಕೆ ಅವನಿಗೆ ಕಂಡ ಉಪಾಯ ಅದೊಂದೇ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಕ್ರಮವನ್ನು ಸಾರಿದ. ತಾಯಿಯ ಜೊತೆಗೆ ಗರ್ಭಕೋಶವೂ ಉಳಿಯತೊಡಗಿತು. ಮುಂದೆ ಲಂಡನ್ನಿನ ವಿಕ್ಟರ್ ಬಾನಿ, ಗಡ್ಡೆಗಾಗಿ ಗರ್ಭಕೋಶವನ್ನು ಬಲಿಕೊಡಬೇಕಿಲ್ಲವೆಂದು ತೋರಿಸಿದ. ಆತನ ಮಡದಿಯೇ ಅಂಥ ಗಡ್ಡೆಯಿಂದ ಗರ್ಭಕೋಶ ಕಳೆದುಕೊಂಡಿದ್ದಳು.

ಆದರೂ ಹೆರಿಗೆಯ ಹೊತ್ತಿನಲ್ಲಿ ಗಡ್ಡೆಯನ್ನು ಮುಟ್ಟಕೂಡದೆಂಬ ಪಾಠ ಬಹುಕಾಲ ಉಳಿಯಿತು. ತುಂಬು ಬಸುರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿಗೂ ಮಿಗಿಲಾಗಿ ರಕ್ತ ಹರಿಯುತ್ತದೆಯಲ್ಲವೆ! ಇತ್ತೀಚಿನ ದಶಕಗಳ ಅನುಭವ ಆ ಕಟ್ಟನ್ನು ಸಡಿಲಿಸಿದೆ. ಗಡ್ಡೆಯ ಗಾತ್ರ, ಸ್ಥಾನಗಳನ್ನು ನೋಡಿ, ನುರಿತ ಕೈಯೂ ರಕ್ತದ ಸಿದ್ಧತೆಯೂ ಇದ್ದರೆ, ಆಯ್ದ ಪ್ರಸಂಗಗಳಲ್ಲಿ ತೆಗೆಯಬಹುದು. ರಕ್ತನಷ್ಟ ತುಸು ಹೆಚ್ಚಾದೀತು. ಆಳವಾಗಿ ಬೇರೂರಿದ ದೊಡ್ಡ ಗಡ್ಡೆಯ ಮಾತು ಬೇರೆ. ಹೆರಿಗೆಯ ಬಳಿಕ ತಾನಾಗಿಯೇ ಕುಗ್ಗುವ ಗಡ್ಡೆಗಳೂ ಉಂಟು.

ಇಷ್ಟನ್ನೂ ಅಕ್ಕನಿಗೆ ಹೇಳಿದೆ. ಮೊಮ್ಮಗುವನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತ, “ಹಾಗಾದರೆ ಮುಟ್ಟದೆ ಬಿಟ್ಟದ್ದೂ ವೈದ್ಯವೇ ಅನ್ನು,” ಎಂದಳು.