ಸೂರ್ಯಮಾರುತದಲ್ಲಿ ಮರುಕಳಿಸುವ ಕಣಪ್ರವಾಹ

ಭೂಮಿಯ ಕಾಂತಕ್ಷೋಭೆಗಳಿಗೆ ಸೂರ್ಯನ ಕಾಂತಶಕ್ತಿಯು ಕಾರಣವಾಗಲಾರದೆಂದು ಲಾರ್ಡ್ ಕೆಲ್ವಿನ್ನರು 1892ರಲ್ಲಿ ಸಾರಿದ್ದರು. ಮಹಾಪಂಡಿತರ ಮಾತು, ಎದುರಾಡುವವರು ವಿರಳ. ಆದರೂ ಗ್ರೀನಿಚ್ ವೇಧಶಾಲೆಯ ಮೌಂಡರರು ಹಳೆಯ ದಾಖಲೆಗಳನ್ನು ಶೋಧಿಸಿ, ಆ ಕ್ಷೋಭೆಗಳು ಸುಮಾರು 27 ದಿನಗಳಿಗೊಮ್ಮೆ ಮರಳುವುದನ್ನು 1904ರಲ್ಲಿ ತೋರಿಸಿದರು. ಭೂಮಿಯಿಂದ ನೋಡುವವರಿಗೆ ಸೂರ್ಯನು ಒಂದು ಸುತ್ತು ತಿರುಗುವ ಕಾಲವೂ ಅಷ್ಟೇ. ಕಲೆಯಿಲ್ಲದ ಬಿಂಬದಿಂದಲೂ ಕ್ಷೋಭೆಯೇಳುತ್ತಿದ್ದುದು ಮಾತ್ರ ಬಹುಕಾಲ ಒಗಟಾಗಿತ್ತು. 1973ರಲ್ಲಿ ಸ್ಕೈಲ್ಯಾಬ್ ನೌಕೆಯಿಂದ ಕಂಡ ಪ್ರಭಾವಲಯದ ರಂಧ್ರಗಳೇ ವೇಗದ ಮಾರುತದ ಮೂಲವೆಂದು ಬಳಿಕ ತಿಳಿಯಿತು. ಆ ಮಾರುತವು ಮುಂದಿರುವ ಮಂದಮಾರುತವನ್ನು ಒತ್ತುವಲ್ಲಿ, ದೂರ ಹೋದಂತೆ, ಆಘಾತತರಂಗಗಳೇಳುತ್ತವೆ. ಸುತ್ತುಸುತ್ತಿಗೂ ಮರುಕಳಿಸುವ ವೇಗಶಾಲಿ ಕಣಗಳ ಏರಿಕೆಯು ಭೂಕಕ್ಷೆಯಾಚೆ ಇನ್ನೂ ಪ್ರಬಲವಾಗಿರುವುದನ್ನು ಪಯೊನೀರ್ ನೌಕೆಗಳು ಕಂಡವು. ಸೂರ್ಯನೇ ಎಸೆದನೆಂದು ಎಣಿಸಿದ ಆ ಕಣಗಳು ವೇಗ ಪಡೆದದ್ದು ದಾರಿಯಲ್ಲಿ. ಅವುಗಳಲ್ಲಿ ಕೆಲವು ಸೂರ್ಯನತ್ತ ಹಿಮ್ಮರಳುತ್ತಲೇ ಭೂಮಿಯ ಬಳಿಗೆ ಬರುತ್ತವೆ.