ಹೊದಿಕೆ ಮತ್ತು ಹೂರಣ: ಹಾಸನ ಸೀಮೆಯ ಉಣಿಸನ್ನೂ ಮೇಳವನ್ನೂ ಕುರಿತು ಒಂದು ವಿಚಾರ

ಅರಸರ ವಂಶಾವಳಿ, ಯುದ್ಧ, ದಾನಶಾಸನ ಇವುಗಳ ವಿಷಯದಲ್ಲಿ ನಮ್ಮ ಚರಿತ್ರಕಾರರು ಬಹಳ ಶ್ರಮಪಟ್ಟಿರುವರು. ಜನರು ಏನನ್ನು ಉಂಡರು, ಏನನ್ನು ಕೇಳಿ ನಲಿದರು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ತಾಲ್ಲೂಕುಗಳನ್ನೊಳಗೊಂಡ ಸೀಮೆಯಲ್ಲಿ ಊರಹಬ್ಬವೆಂದರೆ ಮೇಳವೂ ಊಟವೂ ಕೂಡಿದ ಒಂದೇ ಸಂಭ್ರಮ. ಆದರೂ ಇವುಗಳ ಚರಿತ್ರೆಯ ವಿಷಯವಾಗಿ ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳು ರೂಢಮೂಲವಾಗಿವೆ. ಮಾಂಸದ ಅಡುಗೆಗೆ ಕನ್ನಡನಾಡಿನಲ್ಲಿ ಶಾಸ್ತ್ರವೆಂಬುದಿರಲಿಲ್ಲ, ಅದು ಬರಿಯ ಹಳ್ಳಿಯ ರೂಢಿ ಎಂಬುದು ಮೊದಲನೆಯದು. ಆಂಗ್ಲರಿಂದ ಬಂದ ಬೇಕರಿಯ ತಿನಿಸೂ ಬ್ಯಾಂಡಿನ ವಾದ್ಯವೂ ಕೇವಲ ಅನುಕರಣಗಳು, ನಾಡಿನ ಸಂಸ್ಕೃತಿಯ ಚರಿತ್ರೆಯಲ್ಲಿ ಅವಕ್ಕೆ ಸ್ಥಾನವಿಲ್ಲ ಎಂಬುದು ಎರಡನೆಯದು. ಈ ಎರಡೂ ಪರೀಕ್ಷೆಗೆ ನಿಲ್ಲಲಾರವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದಕ್ಕೆ ನಾವು ಹಿಡಿಯುವ ದಾರಿ ಸರಳವಾದುದು. ಭಕ್ಷ್ಯದಲ್ಲಾಗಲಿ ಮೇಳದಲ್ಲಾಗಲಿ ಹೊದಿಕೆ ಯಾವುದು, ಹೂರಣ ಯಾವುದು ಎಂದು ಬೇರ್ಪಡಿಸಿ, ಒಂದೊಂದೂ ಎಲ್ಲಿಂದ ಬಂದಿತೆಂದು ಕೇಳಬೇಕು.

ಮೊದಲು ಈ ಮಾತನ್ನೇ ನೋಡೋಣ. ಹೂರಣವೆಂಬುದು ಸಂಸ್ಕೃತದ ಪೂರಣ ಶಬ್ದದ ತದ್ಭವ. ತುಂಬುವುದು ಎಂದು ಅದರ ಅರ್ಥ. ಹಳಗನ್ನಡದ ಪಾಲ್ ಎಂಬುದು ಹಾಲು ಎಂದೂ, ಪೂ ಎಂಬುದು ಹೂ ಎಂದೂ ಆದಂತೆ ಇಲ್ಲಿಯೂ ಪಕಾರವು ಹಕಾರವಾಗಿದೆ. ಸಂಸ್ಕೃತದಿಂದ ಬಂದ ಎಲ್ಲ ಶಬ್ದಗಳಿಗೂ ಈ ಮಾರ್ಪಾಟು ಆಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪೂಜೆ, ಪುಣ್ಯ, ಪುರಾಣ ಮುಂತಾದುವು ಗ್ರಂಥದ ಆಶ್ರಯದಲ್ಲಿದ್ದುದರಿಂದ ಹಾಗೆಯೇ ಉಳಿದುವು. ಪೂರ್ಣಿಮೆಯು ಹುಣ್ಣಿಮೆಯಾಗಿ, ಪೂರಣವು ಹೂರಣವಾಗಿ, ಪೋಳಿಗೆಯು ಹೋಳಿಗೆಯಾಗಿ ಮಾರ್ಪಟ್ಟುದು ಅವು ಜನರ ಬಾಯಲ್ಲಿ ಬಳಸಿ ಸವೆದುದರಿಂದ. ಆದಕಾರಣ, ಒಂದು ಪದಾರ್ಥದೊಳಗೆ ಮತ್ತೊಂದನ್ನು ತುಂಬಿ ಪಾಕ ಮಾಡುವ ಕ್ರಮವು, ಪಕಾರವು ಹಕಾರವಾಗುತ್ತಿದ್ದ ಕಾಲಕ್ಕೇ ನಮ್ಮ ಅಡುಗೆಮನೆಗಳಲ್ಲಿ ನೆಲೆಯೂರಿತ್ತೆಂದು ಹೇಳಬಹುದು.

ಆ ಹೂರಣವು ಬೇಳೆ ಬೆಲ್ಲಗಳದೇ ಆಗಿದ್ದಿತೆ? ಅಲ್ಲವೆಂಬುದಕ್ಕೆ ಪ್ರಬಲವಾದ ಆಧಾರವು ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. 1129ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ದೊರೆಯುತ್ತದೆ. ನೂರು ಅಧ್ಯಾಯಗಳುಳ್ಳ ಈ ಗ್ರಂಥವು ಐದು ವಿಂಶತಿಗಳಾಗಿ ವಿಭಕ್ತವಾಗಿದೆ. ಮೂರನೆಯ ವಿಂಶತಿಯಲ್ಲಿ ಅನ್ನಭೋಗವೂ, ಅದರ ಮುಂದಣ ವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯಗಳ ವಿನೋದಗಳೂ ನಿರೂಪಿತವಾಗಿವೆ. ಉಣಿಸನ್ನೂ ಸಂಗೀತವನ್ನೂ ಒಂದೇ ಕೈ ಒಂದೇ ಆದರದಿಂದ ಬರೆದಿರುವುದು ಇಲ್ಲಿಯ ವಿಶೇಷ. ಅನ್ನಭೋಗದಲ್ಲಿ ಮಾಂಸಪಾಕಗಳ ವಿವರಣೆಯು ವಿಸ್ತಾರವಾಗಿದೆ. ಸಲಾಕಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ತುಂಡುಗಳು, ಕರುಳಿನೊಳಗೆ ಮಸಾಲೆ ತುಂಬಿ ಸುಡುವ ಪಾಕ, ಕೊಚ್ಚಿದ ಮಾಂಸವನ್ನು ಬದನೆಕಾಯಿಯೊಳಗೆ ತುಂಬುವ ಪಾಕ ಇವೆಲ್ಲವೂ ಅಲ್ಲಿ ಉಂಟು. ಹೊದಿಕೆ ಬದನೆಕಾಯಿ, ಹೂರಣ ಮಾಂಸ.

ಆ ಕಾಲದಲ್ಲಿ ಹಾಸನದ ಸೀಮೆಯು ಚಾಲುಕ್ಯರ ಮಾಂಡಲಿಕನಾಗಿದ್ದ ಹೊಯ್ಸಳ ವಿಷ್ಣುವರ್ಧನನ ಕೈಯಲ್ಲಿದ್ದಿತು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರೂ ವಾದ್ಯಗಾರರೂ ಅಂದಿನ ಮೇಳದ ಶಿಲಾರೂಪಗಳಾಗಿ ನಿಂತಿರುವರು. ರಾಣಿ ಶಾಂತಲೆಯ ಗೀತ ನೃತ್ಯ ಪ್ರಾವೀಣ್ಯವನ್ನು ಶಾಸನಗಳು ಕೊಂಡಾಡುತ್ತವೆ. ಮೇಳವು ಕಲ್ಲಿನಲ್ಲಿ ಉಳಿಯಿತು. ಉಣಿಸಿಗೆ ಅಂತಹ ಆಶ್ರಯವಿರಲಿಲ್ಲ.

ಕನ್ನಡದ ಪಾಕಗ್ರಂಥಗಳ ಕಡೆಗೆ ತಿರುಗಿದರೆ ಚಿತ್ರವು ಬೇರೆಯಾಗುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರದ ಸೂಪಶಾಸ್ತ್ರಭಾಗದಲ್ಲಿಯೂ, ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿಯೂ ಇರುವುದು ಸಸ್ಯಾಹಾರ. ಮಂಗರಸನು ಜೈನ, ತನ್ನ ಧರ್ಮಕ್ಕೆ ತಕ್ಕಂತೆ ಬರೆದನು. ಬದನೆಕಾಯಿಗೆ ಅವನಲ್ಲಿ ಮರ್ಯಾದೆ ಬಹಳ. ಆದರೆ ಸೋಮೇಶ್ವರನು ಅದರೊಳಗೆ ತುಂಬಿಸಿದ ಮಾಂಸಕ್ಕೆ ಇಲ್ಲಿ ಎಡೆಯಿಲ್ಲ. ಹೊದಿಕೆ ಉಳಿದು ಹೂರಣ ಬದಲಾದುದಕ್ಕೆ ನಮ್ಮ ಗ್ರಂಥಗಳಲ್ಲಿ ಇದು ಒಳ್ಳೆಯ ನಿದರ್ಶನ. ಇದರಲ್ಲಿ ಕವಿಯ ದೋಷವೇನೂ ಇಲ್ಲ. ದೋಷವಿರುವುದು ಗ್ರಂಥದಲ್ಲಿ ಇಲ್ಲದುದು ನಾಡಿನಲ್ಲಿಯೂ ಇರಲಿಲ್ಲವೆಂದು ಊಹಿಸುವ ನಮ್ಮ ಅಭ್ಯಾಸದಲ್ಲಿ. ಓಲೆಗರಿಯ ಮುಂದೆ ಕುಳಿತವರ ಅಡುಗೆ ಬರಹಕ್ಕೆ ಬಂದಿತು. ಒಲೆಯ ಮುಂದೆ ಮಾತ್ರ ಕುಳಿತವರ ಅಡುಗೆ ಬಾಯಿಂದ ಬಾಯಿಗೆ ನಡೆಯಿತು.

ಹಾಗೆ ನಡೆದುಬಂದುದರ ನೆಲೆಯೇ ಊರಹಬ್ಬ. ಗ್ರಾಮದೇವತೆಯ ಹಬ್ಬಗಳಲ್ಲಿ ದೇವರ ಮೆರವಣಿಗೆಗೆ ತಮಟೆ, ನಗಾರಿ, ವಾಲಗಗಳು ಮುಂದೆ ನಡೆಯುವುವು. ಸೋಮನ ಕುಣಿತ, ಚಿಟ್‌ಮೇಳ, ಕೋಲಾಟಗಳು ಈ ಸೀಮೆಗೂ ನೆರೆಯ ಮಂಡ್ಯ ತುಮಕೂರುಗಳಿಗೂ ಪರಿಚಿತವಾದುವು. ಬಲಿ ಕೊಡುವ ಪದ್ಧತಿಯುಳ್ಳ ಕಡೆಗಳಲ್ಲಿ ನೆಂಟರಿಷ್ಟರನ್ನೆಲ್ಲ ಕರೆದು ಬಾಡೂಟವಿಕ್ಕುವುದು ವಾಡಿಕೆ. ರಾಗಿಮುದ್ದೆ, ಸಾರು, ಬೋಟಿ, ತಲೆಮಾಂಸ, ಕೈಮದ ಉಂಡೆ ಇವು ಅದರ ಅಂಗಗಳು. ಈ ಹೆಸರುಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. ಮಾಂಸಕ್ಕೆ ಅಡಗು ಎಂಬ ಹಳಗನ್ನಡದ ಮಾತು ಬಳಕೆ ತಪ್ಪಿ ಬಾಡು ಎಂಬುದು ನಿಂತಿತು. ಕೈಮವು ಪಾರಸಿಯ ಕೀಮಾ. ಬೋಟಿಯು ಹಿಂದೂಸ್ಥಾನಿಯ ಮಾತು. ಆದರೆ ಕೊಚ್ಚಿದ ಮಾಂಸಕ್ಕೆ ಹುರಿಗಡಲೆಯ ಹಿಟ್ಟನ್ನೂ ತೆಂಗಿನಕಾಯಿಯನ್ನೂ ಕೂಡಿಸಿ ಉಂಡೆ ಕಟ್ಟಿ, ಕುದಿಯುವ ಸಾರಿನಲ್ಲಿ ಬಿಟ್ಟು, ಮುದ್ದೆಯೊಡನೆ ಉಣ್ಣುವ ಕ್ರಮವು ಈ ಒಕ್ಕಲು ನಾಡಿನದು. ಹೆಸರು ಹೊರಗಿನಿಂದ ಬಂದಿತು, ಹದ ನಮ್ಮದು. ವಾಲಗವೆಂಬ ಮಾತಿನ ಗತಿಯು ಇದಕ್ಕೆ ವಿಪರ್ಯಾಯವಾದುದು. ಓಲಗವೆಂದರೆ ಹಿಂದೆ ಅರಸನ ಸಭೆ, ಸೇವೆ; ಇಂದು ಮದುವೆಯ ಚಪ್ಪರದಲ್ಲಿಯೂ ಹಬ್ಬದ ಬೀದಿಯಲ್ಲಿಯೂ ಊದುವ ವಾದ್ಯದ ಮೇಳ. ಅರಸರು ಹೋದರು, ಸಭೆ ಹೋಯಿತು. ಹೆಸರನ್ನು ಊದುವವರು ಉಳಿಸಿಕೊಂಡರು.

ಇನ್ನು ಎರಡನೆಯ ಅಭಿಪ್ರಾಯಕ್ಕೆ ಬರೋಣ. ಯೂರೋಪಿನಿಂದ ಬಂದ ಹೊದಿಕೆಯು ಈ ಸೀಮೆಯಲ್ಲಿ ಕಣ್ಣಿಗೆ ಕಾಣುವಂತೆ ನಿಂತಿರುವುದು ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ. ಹೇಮಾವತಿಯ ದಡದಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಇಗರ್ಜಿಯು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮತ್ತೆ ಮೇಲೇಳುತ್ತದೆ. ಇದನ್ನು ಅಬ್ಬೆ ದುಬಾಯನು ಕಟ್ಟಿಸಿದನೆಂಬ ಮಾತು ಕೆಲವು ಕಡೆ ಪ್ರಚಾರದಲ್ಲಿದೆ. ಕಟ್ಟಡದ ಕಾಲವನ್ನು 1860 ಎಂದು ಹೇಳುವವರೇ ಈ ಮಾತನ್ನೂ ಹೇಳುವುದುಂಟು. ದುಬಾಯನು 1823ರಲ್ಲಿಯೇ ಹಿಂದೂದೇಶವನ್ನು ಬಿಟ್ಟು 1848ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡನಾದ್ದರಿಂದ ಎರಡೂ ಒಟ್ಟಿಗೆ ನಿಲ್ಲಲಾರವು. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರಸಿದ್ದರೆಂಬ ಪ್ರತೀತಿಯೂ ಉಂಟು. ಬೆಲ್ಲ ಬೆರಸಿ ಸುಣ್ಣದ ಗಾರೆಯನ್ನು ಅರೆಯುವುದು ನಮ್ಮ ಉಪ್ಪಾರರ ಹಳೆಯ ಪದ್ಧತಿ. ಪ್ರತೀತಿಯು ನಿಜವಾದರೆ, ಕಮಾನು ಫ್ರಾನ್ಸಿನದು, ಅದನ್ನು ಹಿಡಿದ ಅಂಟು ಕನ್ನಡನಾಡಿನದು ಎನ್ನಬೇಕು.

ಆಂಗ್ಲರ ಮಾಂಸದ ಪೈ ಎಂಬ ಭಕ್ಷ್ಯದ ಕಥೆಯೂ ಇದಕ್ಕೆ ಸಮೀಪವಾದುದು. ಗೋಧಿಯ ಹಿಟ್ಟಿನ ಹೊದಿಕೆಯೊಳಗೆ ಮಾಂಸವನ್ನಿಟ್ಟು ಮುಚ್ಚಿ ಒಲೆಗೂಡಿನಲ್ಲಿ ಬೇಯಿಸುವ ಈ ಭಕ್ಷ್ಯವು ಇಂಗ್ಲೆಂಡಿನಲ್ಲಿ ಬಹಳ ಪುರಾತನವಾದುದು. ಮಧ್ಯಯುಗದಲ್ಲಿ ಅದರ ಹೊದಿಕೆಯು ದಪ್ಪನಾಗಿ ಗಡುಸಾಗಿದ್ದು, ಮಾಂಸಕ್ಕೆ ಪಾತ್ರೆಯ ಕೆಲಸ ಮಾಡುತ್ತಿತ್ತು. ಕಾರ್ನ್‌ವಾಲಿನ ಗಣಿಯವರು ಇದರ ಒಂದು ಬಗೆಯನ್ನು ಬುತ್ತಿಯಾಗಿ ಒಯ್ಯುತ್ತಿದ್ದರು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶವು ಸ್ಥಾಪಿತವಾದ ಮೇಲೆ ಒಲೆಗೂಡಿನ ಪಾಕವು ಆಂಗ್ಲರೊಡನೆ ಅಲ್ಲಿ ಬೇರೂರಿತು. ಅಲ್ಲಿಂದ ಪೇಟೆಯ ಜನರಿಗೆ ಅದನ್ನು ತಂದವರಲ್ಲಿ ಮೊದಲಿಗರು ಹಾಸನದ ಸೀಮೆಯ ಅಯ್ಯಂಗಾರರು. ಎಚ್. ಎಸ್. ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನಲ್ಲಿ ಬೆಂಗಳೂರು ಬ್ರದರ್ಸ್ ಎಂಬ ಬೇಕರಿಯನ್ನು ತೆರೆದರು. ಹೋಟಲಿನಲ್ಲಿದ್ದ ಒಬ್ಬ ಆಂಗ್ಲನಿಂದ ಅವರು ಈ ವಿದ್ಯೆಯನ್ನು ಕಲಿತರೆಂದು ಹೇಳುವರು. ಮುಂದೆ ಹಾಸನದ ಸುತ್ತಣ ಅಗ್ರಹಾರಗಳ ಅನೇಕ ಕುಟುಂಬಗಳು ಈ ಕಸಬನ್ನು ಹಿಡಿದುವು. ಇಂದು ಅಯ್ಯಂಗಾರ್ ಬೇಕರಿಯಿಲ್ಲದ ಪಟ್ಟಣವು ದಕ್ಷಿಣ ಕರ್ಣಾಟಕದಲ್ಲಿ ಅಪರೂಪ.

ಆಚಾರವಂತರಾದ ಶ್ರೀವೈಷ್ಣವರು ಮಾಂಸವನ್ನು ಮುಟ್ಟುವಂತಿಲ್ಲ, ಮೊಟ್ಟೆಯನ್ನೂ ಸೇರಿಸುವಂತಿಲ್ಲ. ಹೊದಿಕೆಯನ್ನು ಮಾತ್ರ ತೆಗೆದುಕೊಂಡರು. ಪದರು ಪದರಾದ ಹಿಟ್ಟಿನೊಳಗೆ ಆಲೂಗೆಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿಗಳ ಪಲ್ಯವು ಸೇರಿತು, ಇದೇ ಪಪ್ಸು. ದಿಲ್‌ಪಸಂದ್ ಎಂಬುದನ್ನು ಬಿಡಿಸಿ ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಹೆಸರು ಹಿಂದೂಸ್ಥಾನಿ, ಬೇಯುವುದು ಆಂಗ್ಲರ ಒಲೆಗೂಡಿನಲ್ಲಿ, ಒಳಗಿರುವುದು ಕಾಯಿಹೋಳಿಗೆಯ ಹೂರಣಕ್ಕೆ ತೀರ ಹತ್ತಿರದ ತೆಂಗಿನ ಹೂರಣ. ಮಂಗರಸನು ಬದನೆಕಾಯಿಗೆ ಮಾಡಿದುದನ್ನೇ ಇವರು ಪೈಗೆ ಮಾಡಿದರು. ಅನುಕರಣವೆಂಬ ಮಾತು ಇಲ್ಲಿ ಸಲ್ಲದು. ನಾಲ್ಕು ನೂರು ವರ್ಷಗಳ ಹಿಂದಣ ಒಂದು ರೀತಿಯು ಹೊಸ ಸಾಮಗ್ರಿಯ ಮೇಲೆ ಮತ್ತೆ ನಡೆಯಿತೆಂದು ಹೇಳುವುದೇ ಯುಕ್ತ.

ಸಂಗೀತದಲ್ಲಿಯೂ ಇದೇ ಕ್ರಮ. ಪಿಟೀಲು ಯೂರೋಪಿನ ವಾದ್ಯ. ಅದನ್ನು ದಕ್ಷಿಣದ ಸಂಗೀತಕ್ಕೆ ಅಳವಡಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಬಾಲುಸ್ವಾಮಿ ದೀಕ್ಷಿತರಿಗೆ ಸಲ್ಲಿಸುವರು. ಮರವೂ ಕಮಾನೂ ಹಾಗೆಯೇ ಉಳಿದರೂ, ಶ್ರುತಿ ಮಾಡುವ ಕ್ರಮ, ಕುಳಿತು ಹಿಡಿಯುವ ಭಂಗಿ, ಗಮಕ ಇವೆಲ್ಲ ನಮ್ಮವಾದುವು. ಮೈಸೂರು ಸೀಮೆಯಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಢಿಗೆ ತಂದು ಹೊದಿಕೆಯನ್ನೂ ತಿದ್ದಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಪಾಶ್ಚಾತ್ಯ ಬ್ಯಾಂಡು ಬೆಳೆಯಿತು. ಬ್ಯಾಂಡಿನ ವಾದ್ಯಗಳು ಕಾಲಕ್ರಮದಲ್ಲಿ ಮದುವೆಯ ಮತ್ತು ಜಾತ್ರೆಯ ಬೀದಿಗೆ ಇಳಿದು, ಅಲ್ಲಿ ದೇವರನಾಮಗಳನ್ನು ನುಡಿಸತೊಡಗಿದುವು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವು ಸಂಕೇತಿ ವಿದ್ವಾಂಸರ ಊರು. ಗಾಯಕ ಆರ್. ಕೆ. ಶ್ರೀಕಂಠನ್ (1920–2014) ಅಲ್ಲಿ ಜನಿಸಿದವರು. ಅವರು ದೀರ್ಘಕಾಲ ಸೇವೆ ಸಲ್ಲಿಸಿದ ಆಕಾಶವಾಣಿಯೂ ಒಂದು ಹೊಸ ಹೊದಿಕೆಯೇ. ಅದರೊಳಗೆ ಅವರು ತುಂಬಿದುದು ಮನೆಯ ಪಾಠದ ಕೀರ್ತನೆಗಳನ್ನು. ಇಂದು ಆ ಊರಿನಲ್ಲಿ ತಂಬೂರಿಯ ಆಕಾರದ ಮಂದಿರವಿದೆ, ಸಂಗೀತೋತ್ಸವವೂ ನಡೆಯುತ್ತ ಬಂದಿದೆ.

ಭಾಷಾದೃಷ್ಟಿಯಿಂದ ಒಂದು ಮಾತು. ಪಿಟೀಲು, ಪಪ್ಸು ಇವೆರಡರಲ್ಲಿಯೂ ಆದಿಯ ಪಕಾರವು ಹಕಾರವಾಗಿಲ್ಲ. ಆ ನಿಯಮವು ನಿಂತುಹೋದ ಮೇಲೆ ಅವು ಬಂದುವು. ಹೂರಣವು ಹಳಬ, ಪಪ್ಸು ಹೊಸಬ ಎಂಬುದನ್ನು ಒಂದು ಅಕ್ಷರವೇ ಸಾರುತ್ತದೆ. ಅಲ್ಲದೆ ಆಂಗ್ಲರ ಬಹುವಚನವನ್ನು ಏಕವಚನವಾಗಿ ಹಿಡಿದು ‘ಒಂದು ಪಪ್ಸು ಕೊಡಿ’ ಎನ್ನುವುದರಿಂದ, ಈ ಮಾತು ಪುಸ್ತಕದಿಂದ ಬಾರದೆ ಅಂಗಡಿಯ ಕಟ್ಟೆಯಿಂದ ಬಂದಿತೆಂಬುದೂ ವಿಶದವಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಅಸಮತೆಯನ್ನು ಮುಚ್ಚಿಡಲಾಗದು. ರುದ್ರಪಟ್ಟಣದ ಸಂಗೀತಕ್ಕೆ ಲಿಪಿಯುಂಟು, ಆಕಾಶವಾಣಿಯ ಧ್ವನಿಮುದ್ರಿಕೆಯುಂಟು, ಸಭೆಯುಂಟು. ಬೇಕರಿಗೆ ಫಲಕವುಂಟು, ವ್ಯಾಪಾರವುಂಟು. ಊರಹಬ್ಬದ ತಮಟೆಯ ಗತ್ತುಗಳಿಗೂ, ಬಾಡೂಟದ ಪಾಕಕ್ರಮಕ್ಕೂ ಇಂತಹ ಕಾವಲಿಲ್ಲ. ಸೋಮೇಶ್ವರನು ಅರಸನಾದುದರಿಂದ ಅವನು ಉಂಡುದು ಗ್ರಂಥವಾಯಿತು. ಒಕ್ಕಲಿನವರು ಉಂಡುದು ಗ್ರಂಥವಾಗಲಿಲ್ಲ. ಮಾಂಸದ ಹೂರಣವು ಮಂಗರಸನ ಕಾಲದಲ್ಲಿ ಬರಹದಿಂದ ಹೊರಗುಳಿಯಿತು, ಬೇಕರಿಯ ಕಾಲದಲ್ಲಿ ಅಯ್ಯಂಗಾರರ ಹೊದಿಕೆಯಿಂದಲೂ ಹೊರಗುಳಿಯಿತು. ಬೇರೆ ಬೇಕರಿಗಳ ಪಪ್ಸಿನಲ್ಲಿ ಇಂದು ಕೋಳಿಯೂ ಮೊಟ್ಟೆಯೂ ಮತ್ತೆ ಬಂದಿವೆ. ಆದರೆ ಕೈಮದ ಉಂಡೆಯ ಹದವನ್ನೂ, ಯಾವ ಊರಿನ ಹಬ್ಬಕ್ಕೆ ಯಾವ ಗತ್ತು ಸಲ್ಲುತ್ತಿತ್ತೆಂಬುದನ್ನೂ ಬಲ್ಲವರು ವೃದ್ಧರು.

ಹೇಮಾವತಿಯ ನೀರು ನಿಂತಾಗ ಶೆಟ್ಟಿಹಳ್ಳಿಯೊಂದೇ ಅಲ್ಲ, ಅನೇಕ ಹಳ್ಳಿಗಳು ಎದ್ದು ಬೇರೆ ಕಡೆ ನೆಲಸಬೇಕಾಯಿತು. ಇಗರ್ಜಿಯ ಗೋಡೆಗಳನ್ನು ನೋಡಲು ಯಾತ್ರಿಕರು ಬರುವರು, ಚಿತ್ರ ತೆಗೆಯುವರು. ಗೋಡೆಯಿಲ್ಲದ ಹಬ್ಬಗಳು ಸ್ಥಳ ತಪ್ಪಿದಾಗ ಅವುಗಳ ಚಿತ್ರವನ್ನು ತೆಗೆಯುವವರಾರು? ನಮ್ಮ ಸಾಹಿತ್ಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಒಂದೊಂದು ಊರಿಗೆ ಕಳುಹಿಸಿ, ಹಬ್ಬದ ಕ್ರಮ, ಮೇಳದ ಗತ್ತು, ಅಡುಗೆಯ ಅಳತೆ, ಅವುಗಳ ಮಾತುಗಳು ಇವನ್ನು ಅಡುಗೆ ಮಾಡುವವರ ಮತ್ತು ಬಾರಿಸುವವರ ಬಾಯಿಂದಲೇ ಬರೆಸಿಕೊಂಡರೆ, ಮಾನಸೋಲ್ಲಾಸಕ್ಕೆ ಕನ್ನಡದಲ್ಲಿ ಇಲ್ಲದ ಜೊತೆಯೊಂದು ಸಿದ್ಧವಾದೀತು. ಹೊದಿಕೆಗಳ ಚರಿತ್ರೆಯನ್ನು ನಾವು ಸಾಕಷ್ಟು ಬರೆದಿದ್ದೇವೆ. ಹೂರಣದ ಚರಿತ್ರೆಯನ್ನು ಬಲ್ಲವರು ಇರುವಾಗಲೇ ಬರೆದಿಡುವುದು ಈಗಿನ ಕರ್ತವ್ಯ.