ಟರ್ಬೊ ಮತ್ತು ಸೂಪರ್‌ಚಾರ್ಜರ್ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಆಯ್ಕೆ

ಟರ್ಬೊಚಾರ್ಜರ್ ಅಥವಾ ಸೂಪರ್‌ಚಾರ್ಜರ್ ಅಳವಡಿಸಿದ ಪೆಟ್ರೋಲ್ ಕಾರುಗಳಲ್ಲಿ ಸ್ಪಾರ್ಕ್ ಪ್ಲಗ್‌ನ ಆಯ್ಕೆಯು ಮುಖ್ಯವಾಗಿ ಮೂರು ಅಂಶಗಳನ್ನು ಅವಲಂಬಿಸಿದೆ: ಪ್ಲಗ್‌ನ ಶಾಖ ಶ್ರೇಣಿ, ವಿದ್ಯುದ್ವಾರಗಳ ನಡುವಿನ ಅಂತರ ಹಾಗೂ ವಿದ್ಯುದ್ವಾರದ ಲೋಹ. ಇಂತಹ ಎಂಜಿನ್‌ಗಳ ದಹನ ಕೋಣೆಯಲ್ಲಿ ಒತ್ತಡ ಮತ್ತು ಉಷ್ಣತೆಗಳೆರಡೂ ಅಧಿಕವಾಗಿರುವುದರಿಂದ, ಸಾಮಾನ್ಯ ಎಂಜಿನ್‌ಗೆ ಹೊಂದುವ ಪ್ಲಗ್ ಇಲ್ಲಿ ಹೊಂದದೆ ಹೋಗಬಹುದು. ತಪ್ಪು ಆಯ್ಕೆಯಿಂದ ಪಿಸ್ಟನ್ ಕರಗಿ ಎಂಜಿನ್ನೇ ಹಾಳಾಗುವ ಸಂಭವವುಂಟು. ಡೀಸೆಲ್ ಎಂಜಿನ್‌ಗಳಲ್ಲಿ ಸಂಪೀಡನದ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ, ಟರ್ಬೊ ಇದ್ದರೂ ಅವುಗಳಿಗೆ ಸ್ಪಾರ್ಕ್ ಪ್ಲಗ್ ಬೇಕಾಗುವುದಿಲ್ಲ.

ಹಿನ್ನೆಲೆ

1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನಾಲ್ಡ್ ಅಧಿಕ ವೋಲ್ಟೇಜ್‌ನ ಮ್ಯಾಗ್ನೆಟೊವನ್ನು ಸ್ಪಾರ್ಕ್ ಪ್ಲಗ್‌ನೊಡನೆ ಯಶಸ್ವಿಯಾಗಿ ರೂಪಿಸಿದನು. 1905ರಲ್ಲಿ ಸ್ವಿಟ್ಜರ್ಲೆಂಡ್‌ನ ಆಲ್ಫ್ರೆಡ್ ಬ್ಯೂಕಿ ಟರ್ಬೊಚಾರ್ಜರ್ ತತ್ತ್ವಕ್ಕೆ ಪೇಟೆಂಟ್ ಪಡೆದನು. ಇವೆರಡೂ ಒಟ್ಟಾಗಿ ಸಾರ್ವಜನಿಕ ಮಾರಾಟದ ಕಾರುಗಳಲ್ಲಿ ಕಾಣಿಸಿಕೊಂಡದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕೊರ್ವೇರ್ ಮೊಂಜಾ ಸ್ಪೈಡರ್ ಕಾರುಗಳ ಮೂಲಕ.

ಸೂಪರ್‌ಚಾರ್ಜರ್ ಎಂಜಿನ್‌ನ ತಿರುಗುವ ಶಕ್ತಿಯಿಂದಲೂ, ಟರ್ಬೊಚಾರ್ಜರ್ ಹೊರಹೋಗುವ ಹೊಗೆಯ ವೇಗದಿಂದಲೂ ನಡೆಯುತ್ತವೆ. ಎರಡರ ಕಾರ್ಯವೂ ಸಿಲಿಂಡರ್‌ಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದೇ ಆಗಿದೆ. ವಾತಾವರಣದ ಒತ್ತಡ ಸುಮಾರು 1 ಬಾರ್. ಅದರ ಮೇಲೆ ಇನ್ನೂ 1 ಬಾರ್ ಸೇರಿಸಿದರೆ ಒಳಹೋಗುವ ಗಾಳಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದಕ್ಕೆ ತಕ್ಕಂತೆ ಉರಿಯುವ ಇಂಧನವೂ ಹುಟ್ಟುವ ಶಾಖವೂ ಹೆಚ್ಚುತ್ತವೆ.

ಶಾಖ ಶ್ರೇಣಿ

ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದೇ ಅದರ ಶಾಖ ಶ್ರೇಣಿ. ಬೇಗ ದಾಟಿಸುವುದನ್ನು 'ತಣ್ಣನೆಯ ಪ್ಲಗ್' ಎಂದೂ, ನಿಧಾನವಾಗಿ ದಾಟಿಸುವುದನ್ನು 'ಬಿಸಿ ಪ್ಲಗ್' ಎಂದೂ ಕರೆಯುತ್ತಾರೆ. ಕಿಡಿಯ ಬಿಸಿಗೂ ಈ ಹೆಸರುಗಳಿಗೂ ಸಂಬಂಧವಿಲ್ಲ.

ಪ್ಲಗ್‌ನ ತುದಿಯು ಸುಮಾರು 500ರಿಂದ 800 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಇದಕ್ಕಿಂತ ತಣ್ಣಗಾದರೆ ಮಸಿ ಸುಟ್ಟುಹೋಗದೆ ತುದಿಯಲ್ಲಿ ಕಟ್ಟಿಕೊಂಡು ಕಿಡಿ ತಪ್ಪುತ್ತದೆ. ಮಿತಿಮೀರಿ ಕಾದರೆ ತುದಿಯೇ ಕೆಂಡದಂತಾಗಿ, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಇದೇ ಅಕಾಲ ದಹನ. ಮೇಲೇರುತ್ತಿರುವ ಪಿಸ್ಟನ್‌ಗೆ ಉರಿಯುವ ಅನಿಲ ಎದುರಾಗುವುದರಿಂದ, ಅಲ್ಪಕಾಲದಲ್ಲಿಯೇ ಅಲ್ಯೂಮಿನಿಯಂ ಪಿಸ್ಟನ್‌ನಲ್ಲಿ ರಂಧ್ರ ಬೀಳಬಹುದು. ಆದ್ದರಿಂದ ಗಾಳಿಯ ಒತ್ತಡ ಹೆಚ್ಚಿಸಿದ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಒಂದು ಅಥವಾ ಎರಡು ಮೆಟ್ಟಿಲು ತಣ್ಣನೆಯ ಪ್ಲಗ್ ಬಳಸುತ್ತಾರೆ.

ಸಂಖ್ಯೆಗಳನ್ನು ಓದುವ ಕ್ರಮ

ಶಾಖ ಶ್ರೇಣಿಯ ಸಂಖ್ಯೆ ಎಲ್ಲ ತಯಾರಕರಲ್ಲಿ ಒಂದೇ ರೀತಿಯಲ್ಲಿಲ್ಲ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಸಂಖ್ಯೆ ಏರಿದಂತೆ ಪ್ಲಗ್ ತಣ್ಣಗಾಗುತ್ತದೆ. ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಸಂಖ್ಯೆ ಏರಿದಂತೆ ಬಿಸಿಯಾಗುತ್ತದೆ. ಇದನ್ನರಿಯದೆ ಕೊಂಡವರು ತಣ್ಣನೆಯದೆಂದು ಬಿಸಿ ಪ್ಲಗ್ ಹಾಕುವ ಅಪಾಯವಿದೆ.

ಉದಾಹರಣೆಗೆ ಎನ್‌ಜಿಕೆಯ 'ಬಿಕೆಆರ್6ಇ-11' ಎಂಬ ಸಂಕೇತದಲ್ಲಿ 'ಬಿಕೆ' 14 ಮಿ.ಮೀ. ವ್ಯಾಸದ ಮರೆ ಮತ್ತು 16 ಮಿ.ಮೀ. ಸ್ಪ್ಯಾನರ್ ಅಳತೆಯನ್ನೂ, 'ಆರ್' ರೇಡಿಯೊ ಗದ್ದಲ ತಗ್ಗಿಸುವ ರೆಸಿಸ್ಟರನ್ನೂ, '6' ಶಾಖ ಶ್ರೇಣಿಯನ್ನೂ, 'ಇ' 19 ಮಿ.ಮೀ. ಮರೆಯ ಉದ್ದವನ್ನೂ, '11' 1.1 ಮಿ.ಮೀ. ಅಂತರವನ್ನೂ ಸೂಚಿಸುತ್ತವೆ. ಒಂದು ಮೆಟ್ಟಿಲು ತಣ್ಣನೆಯದು ಬೇಕಿದ್ದರೆ ಬಿಕೆಆರ್7ಇ ಆರಿಸಬೇಕಾಗುತ್ತದೆ. ಮರೆಯ ವ್ಯಾಸ ಮತ್ತು ಉದ್ದಗಳು ಬದಲಾಗಕೂಡದು. ಉದ್ದವಾದ ಪ್ಲಗ್ ಪಿಸ್ಟನ್‌ಗೆ ತಾಗಬಹುದು.

ವಿದ್ಯುದ್ವಾರಗಳ ಅಂತರ

ಅನಿಲದ ಒತ್ತಡ ಮತ್ತು ಅಂತರ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ಇದನ್ನು ತಿಳಿಸುವ ಪಾಶೆನ್ ನಿಯಮವನ್ನು 1889ರಲ್ಲಿ ಜರ್ಮನ್ ಭೌತವಿಜ್ಞಾನಿ ಫ್ರೆಡ್ರಿಕ್ ಪಾಶೆನ್ ಪ್ರಕಟಿಸಿದನು. ಟರ್ಬೊ ಒತ್ತಡ ಏರಿದಾಗ ಇಗ್ನಿಷನ್ ಕಾಯಿಲ್‌ನ ಸಾಮರ್ಥ್ಯ ಸಾಲದೆ ಹೋದರೆ ಕಿಡಿ ಹಾರುವುದಿಲ್ಲ. ನಿಂತಲ್ಲಿ ಸರಿಯಾಗಿ ನಡೆಯುವ ಎಂಜಿನ್, ಆಕ್ಸಿಲರೇಟರ್ ಪೂರ್ಣ ಒತ್ತಿದಾಗ ಮುಗ್ಗರಿಸುವುದು ಇದರ ಲಕ್ಷಣ. ಸಾಮಾನ್ಯ ಎಂಜಿನ್‌ಗಳಲ್ಲಿ ಸುಮಾರು 1 ಮಿ.ಮೀ. ಇರುವ ಅಂತರವನ್ನು ಟರ್ಬೊ ಎಂಜಿನ್‌ಗಳಲ್ಲಿ ಹಲವೊಮ್ಮೆ 0.6ರಿಂದ 0.8 ಮಿ.ಮೀ.ಗೆ ಇಳಿಸುತ್ತಾರೆ. ಅಂತರ ಅತಿಯಾಗಿ ಕಿರಿದಾದರೆ ಕಿಡಿ ದುರ್ಬಲವಾಗುತ್ತದೆ.

ಲೋಹ

ನಿಕ್ಕಲ್ ಮಿಶ್ರಲೋಹದ ಪ್ಲಗ್‌ಗಳು ಅಗ್ಗ. ಆದರೆ ಬೇಗ ಸವೆದು ಅಂತರ ಹಿಗ್ಗುತ್ತದೆ. ನಿಕ್ಕಲ್ 1,455, ಪ್ಲಾಟಿನಂ 1,768, ಇರಿಡಿಯಂ 2,446 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಇರಿಡಿಯಂ ಗಟ್ಟಿಯಾಗಿರುವುದರಿಂದ ವಿದ್ಯುದ್ವಾರವನ್ನು ಅತಿ ಸಣ್ಣದಾಗಿ ಮಾಡಬಹುದು, ಸಣ್ಣ ತುದಿಯಿಂದ ಕಡಿಮೆ ವೋಲ್ಟೇಜ್‌ನಲ್ಲಿ ಕಿಡಿ ಹಾರುತ್ತದೆ. ಅಂತರ ಸರಿಪಡಿಸುವಾಗ ಈ ನವಿರಾದ ತುದಿಯ ಮೇಲೆ ಒತ್ತಡ ಹಾಕಬಾರದು.

ಆಯ್ಕೆ ಮತ್ತು ಪರೀಕ್ಷೆ

ಕಾರ್ಖಾನೆಯಿಂದಲೇ ಟರ್ಬೊದೊಡನೆ ಬಂದ ಕಾರಿಗೆ ತಯಾರಕರು ಸೂಚಿಸಿದ ಪ್ಲಗ್ ಮತ್ತು ಅಂತರವೇ ಸೂಕ್ತ. ಅದರ ಲೆಕ್ಕದಲ್ಲಿ ಟರ್ಬೊ ಆಗಲೇ ಸೇರಿರುತ್ತದೆ. ನಂತರ ಗಾಳಿಯ ಒತ್ತಡ ಹೆಚ್ಚಿಸಿದಾಗ ಅಥವಾ ಹೊಸದಾಗಿ ಟರ್ಬೊ ಅಳವಡಿಸಿದಾಗ ಮಾತ್ರ ತಣ್ಣನೆಯ ಪ್ಲಗ್‌ನ ವಿಚಾರ ಬರುತ್ತದೆ.

ಬಳಸಿದ ಪ್ಲಗ್‌ನ ಬಣ್ಣವೂ ಸುಳಿವು ನೀಡುತ್ತದೆ. ತಿಳಿ ಕಂದು ಅಥವಾ ಬೂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿಯಿದ್ದರೆ ಪ್ಲಗ್ ಅತಿ ತಣ್ಣಗಿದೆ, ಇಲ್ಲವೇ ಇಂಧನ ಹೆಚ್ಚಾಗಿದೆ. ಬೆಳ್ಳಗೆ ಗುಳ್ಳೆಯೆದ್ದ ತುದಿ, ಅಂಟಿಕೊಂಡ ಲೋಹದ ಸಣ್ಣ ಕಣಗಳು ಅತಿಶಾಖದ ಎಚ್ಚರಿಕೆ. ಅಂತಹ ಎಂಜಿನ್ನನ್ನು ಪರೀಕ್ಷಿಸದೆ ಓಡಿಸಬಾರದು. ಪ್ಲಗ್‌ನ ಶಾಖ ಅದರ ಮರೆ ಮತ್ತು ವಾಷರ್ ಮೂಲಕವೇ ಹೊರಹೋಗುವುದರಿಂದ, ಸಡಿಲವಾಗಿ ಕೂರಿಸಿದ ತಣ್ಣನೆಯ ಪ್ಲಗ್ ಕೂಡ ಮಿತಿಮೀರಿ ಕಾಯುತ್ತದೆ.